ಗೋಡೆಯ ಚಿತ್ರವನ್ನು ಹೇಳುವವರು ಯಾರು?



ದಾಂಡೇಲಿಗೆ ಬಂದಿಳಿದವರಿಗೆ ಮೊದಲು ಕಾಣುವುದು ಮಂಗಟ್ಟೆ ಹಕ್ಕಿ. ಮರದ ಮೇಲಿನದಲ್ಲ, ಗೋಡೆಯ ಮೇಲಿನದು. ರೆಸಾರ್ಟಿನ ಕಂಪೌಂಡಿನಲ್ಲಿ ಮಂಗಟ್ಟೆ, ಹೋಂಸ್ಟೇ ಕಮಾನಿನಲ್ಲಿ ಮಂಗಟ್ಟೆ, ಸಫಾರಿ ಜೀಪಿನ ಬಾಗಿಲಲ್ಲೂ ಅದೇ ಹಳದಿ ಕೊಕ್ಕು. ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿನ ಕಾಡಿನಲ್ಲಿವೆ, ಆ ಹೆಮ್ಮೆ ಇರಬೇಕಾದದ್ದೇ. ಚಿತ್ರಗಳೂ ಚೆನ್ನಾಗಿವೆ, ನಮ್ಮ ಪೇಂಟರುಗಳ ಕೈ ಪಳಗಿದ ಕೈ. ಆದರೂ ಒಂದು ಮಾತು ಕೇಳುತ್ತೇನೆ. ಆ ಚಿತ್ರಗಳ ಮುಂದೆ ನಿಂತು ಇಬ್ಬರು ವಾದ ಮಾಡಿದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಫೋಟೊ ತೆಗೆಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ವಾದ ಮಾಡುವವರು ಮಾತ್ರ ಇಲ್ಲ.

ಇವತ್ತಿನ ನನ್ನ ಮಾತು ಆ ವಾದದ ಕುರಿತೇ. ಹವಾಮಾನ ಬದಲಾಗುತ್ತಿರುವ ಸಂಗತಿಯನ್ನು ದೊಡ್ಡ ದೊಡ್ಡ ಚಿತ್ರಗಳಾಗಿ ಬರೆದು ಊರ ನಡುವೆ ನಿಲ್ಲಿಸಿದರೆ ಜನ ಮಾತಾಡುತ್ತಾರೆ ಎಂಬ ನಂಬಿಕೆ ಈಗ ಜಗತ್ತಿನ ಹಲವು ಕಡೆ ಇದೆ. ನಂಬಿಕೆ ಅರ್ಧ ಸರಿ. ಚಿತ್ರ ಜನರನ್ನು ನಿಲ್ಲಿಸುತ್ತದೆ. ನಿಂತವರನ್ನು ಮಾತಾಡಿಸುವ ಕೆಲಸ ಚಿತ್ರದ ಕೈಯಲ್ಲಿ ಅಷ್ಟಾಗಿ ಆಗುವುದಿಲ್ಲ, ಅದಕ್ಕೆ ಬೇರೆ ಏರ್ಪಾಡು ಬೇಕು. ಈ ಏರ್ಪಾಡಿನ ಪಾಠ ಕಲಿಯಲು ಪ್ಯಾರಿಸ್ಸಿಗೋ ನ್ಯೂಯಾರ್ಕಿಗೋ ಹೋಗಬೇಕಾಗಿಲ್ಲ. ಮುಂಡಗೋಡಕ್ಕೆ ಹೋದರೆ ಸಾಕು.

ಮುಂಡಗೋಡದ ಟಿಬೆಟನ್ ವಸತಿ ಆರಂಭವಾದದ್ದು 1966ರಲ್ಲಿ. ಗಾಂದೆನ್ ಮತ್ತು ದ್ರೆಪುಂಗ್ ಎಂಬ ಎರಡು ಮಹಾಮಠಗಳು ಟಿಬೆಟ್ ಬಿಟ್ಟು ಬಂದು ಕೊನೆಗೆ ಇಲ್ಲಿಯೇ ನೆಲೆ ನಿಂತವು. ಈ ಮಠಗಳಿರುವ ಲಾಮಾ ಕ್ಯಾಂಪಿಗೆ ಹೋದ ನಮ್ಮವರು ಸಾಮಾನ್ಯವಾಗಿ ಒಳಗಿನ ಬಂಗಾರದ ಬುದ್ಧನನ್ನು ನೋಡಿ ಕೈಮುಗಿದು ಹೊರಗೆ ಬರುತ್ತಾರೆ. ಆದರೆ ಟಿಬೆಟನ್ ಮಠಗಳಲ್ಲಿ ಬಾಗಿಲ ಆಚೀಚೆಯ ಗೋಡೆಗೆ ಒಂದು ದೊಡ್ಡ ಚಕ್ರದ ಚಿತ್ರ ಬರೆಯುವ ರೂಢಿ ಇದೆ. ಅದು ಭವಚಕ್ರ. ಭಯಂಕರ ಮುಖದವನೊಬ್ಬ ಇಡೀ ಚಕ್ರವನ್ನು ಹಲ್ಲಿನಲ್ಲಿ ಕಚ್ಚಿ, ಉಗುರುಗಳಲ್ಲಿ ಹಿಡಿದುಕೊಂಡಿರುತ್ತಾನೆ. ನಡುವಿನ ಗುಂಬದಲ್ಲಿ ಒಂದು ಹುಂಜ, ಒಂದು ಹಾವು, ಒಂದು ಹಂದಿ: ಆಸೆ, ದ್ವೇಷ, ಅಜ್ಞಾನ. ಸುತ್ತಲೂ ದೇವಲೋಕದಿಂದ ನರಕದವರೆಗಿನ ಲೋಕಗಳು. ಹೊರ ಅಂಚಿನಲ್ಲಿ ಹನ್ನೆರಡು ಸಣ್ಣ ಚಿತ್ರಗಳು, ಒಂದರಿಂದ ಇನ್ನೊಂದು ಹೇಗೆ ಹುಟ್ಟುತ್ತದೆ ಎಂಬುದರ ಸರಪಳಿ. ಕಾರಣ ಇಲ್ಲಿ, ಪರಿಣಾಮ ಅಲ್ಲಿ, ಎರಡಕ್ಕೂ ನಂಟು ಇದು ಎಂದು ಓದು ಬಾರದವನಿಗೂ ತೋರಿಸಲು ಮಾಡಿದ ಚಿತ್ರ. ಅಜಂತಾದ 17ನೆಯ ಗುಹೆಯ ಪಡಸಾಲೆಯಲ್ಲಿ ಇದರ ಹಳೆಯ ಒಂದು ತುಣುಕು ಇನ್ನೂ ಉಳಿದಿದೆ.

ಈ ಚಿತ್ರ ಬಾಗಿಲಿಗೆ ಬಂದದ್ದು ಹೇಗೆ ಎಂಬ ಕಥೆ ಸಂಸ್ಕೃತದ ದಿವ್ಯಾವದಾನ ಎಂಬ ಗ್ರಂಥದಲ್ಲಿದೆ. ನನಗೆ ಚಿತ್ರಕ್ಕಿಂತ ಆ ಕಥೆ ಹೆಚ್ಚು ಇಷ್ಟ. ಮೌದ್ಗಲ್ಯಾಯನ ಎಂಬ ಶಿಷ್ಯ ಲೋಕಲೋಕಗಳನ್ನು ಸುತ್ತಿ ಬಂದು, ತಾನು ಕಂಡದ್ದನ್ನು ಜನರಿಗೆ ಹೇಳುತ್ತಿದ್ದನಂತೆ. ಕೇಳಲು ಜನ ಮುಗಿಬೀಳುತ್ತಿದ್ದರು. ಆಗ ಬುದ್ಧ ಯೋಚಿಸಿದ: ಮೌದ್ಗಲ್ಯಾಯನನಂಥವರು ಎಲ್ಲ ಕಡೆ ಸಿಗುವುದಿಲ್ಲ, ಎಲ್ಲ ಕಾಲಕ್ಕೂ ಸಿಗುವುದಿಲ್ಲ, ಆದ್ದರಿಂದ ವಿಹಾರದ ಬಾಗಿಲಲ್ಲಿ ಚಕ್ರವೊಂದನ್ನು ಬರೆಯಿಸಿರಿ. ಬರೆಯಿಸಿದರು. ಬಂದವರು ನೋಡಿ, ಇದೇನು ಸ್ವಾಮಿ ಎಂದು ಕೇಳಿದರು. ಭಿಕ್ಷುಗಳು, ನಮಗೂ ಗೊತ್ತಿಲ್ಲ ಎಂದರು! ಸುದ್ದಿ ಬುದ್ಧನಿಗೆ ಹೋಯಿತು. ಹಾಗಾದರೆ ಬಾಗಿಲಲ್ಲಿ ಒಬ್ಬ ಭಿಕ್ಷುವನ್ನು ನೇಮಿಸಿರಿ, ಬಂದವರಿಗೆ ಅವನು ವಿವರಿಸಲಿ ಎಂದ. ಇವರು ಯಾರೋ ಏನೂ ಅರಿಯದ ಒಬ್ಬನನ್ನು ಕೂರಿಸಿದರು. ಅವನಿಗೇ ಅರ್ಥವಾಗದ್ದನ್ನು ಅವನು ಏನು ವಿವರಿಸಿಯಾನು? ಕೊನೆಗೆ ಬುದ್ಧ, ಬಲ್ಲವನನ್ನೇ ನೇಮಿಸಬೇಕು ಎಂದು ನಿಯಮ ಮಾಡಬೇಕಾಯಿತು.

ಸಾರ್ವಜನಿಕ ಚಿತ್ರಕಲೆಯ ಇಡೀ ಕಷ್ಟ ಈ ಪುಟ್ಟ ಕಥೆಯಲ್ಲಿದೆ. ಇವತ್ತಿನ ನಮ್ಮ ಯೋಜನೆಗಳೆಲ್ಲ ಮೊದಲ ಹೆಜ್ಜೆಯಲ್ಲೇ ನಿಂತಿವೆ. ಗೋಡೆಗೆ ಬಣ್ಣ ಬಳಿಯುತ್ತೇವೆ, ಉದ್ಘಾಟನೆ ಮಾಡುತ್ತೇವೆ, ಶಾಲು ಹೊದಿಸುತ್ತೇವೆ. ಮರುದಿನ ಯಾರೋ ಬಂದು ಇದೇನು ಎಂದು ಕೇಳಿದರೆ ಉತ್ತರ ಹೇಳಲು ಅಲ್ಲಿ ಯಾರೂ ಇರುವುದಿಲ್ಲ.

ಎಲ್ಲ ಕಡೆ ಹೀಗಿಲ್ಲ. ಬಂಗಾಳದ ಮೇದಿನಿಪುರದ ಕಡೆ ನಯಾ ಎಂಬ ಹಳ್ಳಿ ಇದೆ. ಅಲ್ಲಿನ ಪಟುವಾ ಕಲಾವಿದರು ಉದ್ದನೆಯ ಸುರುಳಿಯ ಮೇಲೆ ಕಥೆ ಬರೆದು, ಸುರುಳಿಯನ್ನು ಒಂದೊಂದೇ ಚೌಕವಾಗಿ ಬಿಚ್ಚುತ್ತ, ಬೆರಳಿಟ್ಟು ತೋರಿಸುತ್ತ ಹಾಡುತ್ತಾರೆ. ರಾಮಾಯಣವನ್ನೂ ಹಾಡುತ್ತಾರೆ, ಸುನಾಮಿಯನ್ನೂ ಹಾಡುತ್ತಾರೆ. ನಮಗೆ ಇನ್ನೂ ಹತ್ತಿರ, ಗೋವೆಯ ಗಡಿ ದಾಟಿದರೆ ಸಿಗುವ ಪಿಂಗುಳಿಯಲ್ಲಿ ಚಿತ್ರಕಥಿ ಪರಂಪರೆ ಇದೆ. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತರೂ ಇದೇ ಬಗೆಯ ಕಲಾವಿದರು. ಇವರಲ್ಲಿ ಯಾರೂ ಚಿತ್ರವನ್ನು ತೂಗುಹಾಕಿ ಮನೆಗೆ ಹೋದವರಲ್ಲ.

ಇದಕ್ಕೆ ತದ್ವಿರುದ್ಧವಾದ, ಚಿತ್ರವೊಂದೇ ಕೆಲಸ ಮಾಡಿದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ಅದನ್ನು ಮರೆಮಾಚಿ ಮಾತಾಡುವುದು ಸರಿಯಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಹಸಿರು ಕೊಳವಾಗಿ ಮಾಡಿ, ಅದರಲ್ಲೊಂದು ಮೊಸಳೆಯನ್ನು ಬಿಟ್ಟರು. ಮೊಸಳೆ ಬೊಂಬೆಯದು, ಗುಂಡಿ ನಿಜವಾದದ್ದು. 2019ರಲ್ಲಿ ಹೇರೋಹಳ್ಳಿ ಕಡೆಯ ರಸ್ತೆಯ ಕುಳಿಗಳನ್ನು ಚಂದ್ರನ ಮೇಲಿನ ಕುಳಿಗಳಾಗಿ ಚಿತ್ರಿಸಿ, ಗಗನಯಾತ್ರಿಯ ಉಡುಪು ತೊಟ್ಟವರೊಬ್ಬರು ನಿಧಾನವಾಗಿ ನಡೆದಾಡುವ ವಿಡಿಯೊ ಮಾಡಿದರು. ಚಂದ್ರಯಾನ ಎಲ್ಲರ ಬಾಯಲ್ಲಿದ್ದ ದಿನಗಳವು. ಊರೆಲ್ಲ ನಕ್ಕಿತು, ಪಾಲಿಕೆಯವರು ಬಂದು ರಸ್ತೆ ರಿಪೇರಿಗೆ ಕೈಹಾಕಿದರು. ದಾಂಡೇಲಿಯವರಿಗೆ ಮೊಸಳೆಯ ತಮಾಷೆ ಅಷ್ಟು ರುಚಿಸಲಿಕ್ಕಿಲ್ಲ ಬಿಡಿ. ಕಾಳಿ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯಲು ಇಳಿಯುವವರಿಗೆ ಅದು ಬೊಂಬೆಯಲ್ಲ.

ಆ ಚಿತ್ರಗಳು ಗೆದ್ದದ್ದಕ್ಕೆ ಸ್ಪಷ್ಟ ಕಾರಣವಿದೆ. ಗುಂಡಿಗೆ ಒಂದು ವಿಳಾಸವಿದೆ. ಅದನ್ನು ಮುಚ್ಚಬೇಕಾದ ಕಚೇರಿ ಯಾವುದು, ಎಂಜಿನಿಯರ್ ಯಾರು ಎಂಬುದು ನೋಡಿದ ಪ್ರತಿಯೊಬ್ಬನಿಗೂ ಗೊತ್ತು. ಮಳೆ ಹೊತ್ತು ತಪ್ಪಿದ್ದಕ್ಕೆ ಯಾವ ಕಚೇರಿಗೆ ಅರ್ಜಿ ಕೊಡುತ್ತೀರಿ? 2024 ಜಗತ್ತಿನ ಮಟ್ಟಿಗೆ ದಾಖಲೆಯ ಸೆಕೆಯ ವರ್ಷ. ಕೈಗಾರಿಕೆಗಳಿಗಿಂತ ಹಿಂದಿನ ಕಾಲದ ಸರಾಸರಿಗಿಂತ ಒಂದೂವರೆ ಡಿಗ್ರಿಯ ಗೆರೆ ದಾಟಿದ ಮೊದಲ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದದ್ದನ್ನು ಒಮ್ಮೆಲೇ ಸುರಿದರೆ ಘಟ್ಟ ಜರಿಯುತ್ತದೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ತೋಟಗಳು ಮಣ್ಣಿನಡಿ ಹೋದವು. ಅದೇ ಮಳೆಗೆ ಕದ್ರಾ ಜಲಾಶಯದಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಈ ನಡುವೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಎಂದು ಸರಕಾರವೇ ಘೋಷಿಸಿತ್ತು. ಇದರಲ್ಲಿ ಎಷ್ಟು ಪಾಲು ಭೂಮಿಯ ಬಿಸಿಯದು, ಎಷ್ಟು ಪಾಲು ಗುಡ್ಡ ಕಡಿದ ರಸ್ತೆಯದು, ಎಷ್ಟು ಪಾಲು ಕಾಡು ಬೋಳಿಸಿದ ನಮ್ಮದು? ಒಂದೊಂದು ಅನಾಹುತಕ್ಕೂ ಉತ್ತರ ಬೇರೆ. ವಯನಾಡಿನ 2024ರ ಮಳೆಯನ್ನು ಲೆಕ್ಕ ಹಾಕಿದ ವಿಜ್ಞಾನಿಗಳು, ಹವಾಮಾನ ಬದಲಾವಣೆಯಿಂದ ಅದು ಶೇಕಡಾ 10ರಷ್ಟು ಜೋರಾಯಿತು ಎಂದರು. ಉಳಿದದ್ದಕ್ಕೆ ನೆಲದ ಮೇಲಿನ ಕಾರಣಗಳನ್ನು ಹುಡುಕಬೇಕು. ಇಷ್ಟು ಸಿಕ್ಕುಸಿಕ್ಕಾದ ಸಂಗತಿಯನ್ನು ಮೊಸಳೆಯ ಚಿತ್ರದಂತೆ ಒಂದೇ ಏಟಿಗೆ ಹೇಳಲು ಬರುವುದಿಲ್ಲ. ಮಾತು ಬೇಕು, ಮಾತಿಗೆ ಹೊತ್ತು ಬೇಕು.

ಅದಕ್ಕೇ ಹೊಗೆ ಉಗುಳುವ ಚಿಮಣಿ, ಬಿರುಕು ಬಿಟ್ಟ ನೆಲ, ಕಣ್ಣೀರು ಹಾಕುವ ಭೂಗೋಲ ಇವುಗಳನ್ನು ಇನ್ನು ಬರೆಯುವುದು ಬೇಡ ಎಂದು ನಮ್ಮ ಶಾಲೆಯ ಮಕ್ಕಳಿಗೂ ಅವರ ಮೇಷ್ಟ್ರುಗಳಿಗೂ ಕೈಮುಗಿದು ಕೇಳುತ್ತೇನೆ. ಪರಿಸರ ದಿನದ ಸ್ಪರ್ಧೆಯ ನೂರು ಹಾಳೆಗಳಲ್ಲಿ ತೊಂಬತ್ತರಲ್ಲಿ ಅದೇ ಭೂಗೋಲ ಅಳುತ್ತಿರುತ್ತದೆ. ಅದನ್ನು ನೋಡಿ ಯಾರಿಗೂ ಏನೂ ಕೇಳಬೇಕು ಅನಿಸುವುದಿಲ್ಲ. ಬದಲಿಗೆ ಮಂಗಟ್ಟೆಯನ್ನೇ ಬರೆಯಿರಿ, ಆದರೆ ಅದರ ಕಷ್ಟದ ಸಮೇತ. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆಯೊಳಗೆ ಹೊಕ್ಕು, ಅದರ ಬಾಯಿಯನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಟ್ಟು ಕೂರುತ್ತದೆ. ಸೀಳಿನಷ್ಟು ಕಿಂಡಿಯಲ್ಲಿ ಗಂಡು ಹಣ್ಣು ತಂದು ಉಣಿಸಬೇಕು. ದೊಡ್ಡ ಮರವಿಲ್ಲದಿದ್ದರೆ ಪೊಟರೆಯಿಲ್ಲ, ಹೊತ್ತಿಗೆ ಸರಿಯಾಗಿ ಅತ್ತಿ, ಆಲ, ಬಸರಿ ಹಣ್ಣಾಗದಿದ್ದರೆ ಊಟವಿಲ್ಲ. ಕೊಕ್ಕಿನಲ್ಲಿ ಹಣ್ಣು ಹಿಡಿದ ಗಂಡು ಹಕ್ಕಿಯೊಂದು ಪೊಟರೆಯೇ ಇಲ್ಲದ ಎಳೆಯ ತೇಗದ ಸಾಲಿನ ಮೇಲೆ ಸುತ್ತುತ್ತಿರುವ ಚಿತ್ರವನ್ನು ದಾಂಡೇಲಿ ಬಸ್‌ಸ್ಟ್ಯಾಂಡಿನ ಗೋಡೆಯ ತುಂಬ ಬರೆದು ನೋಡಿ. ಈ ಹಕ್ಕಿ ಯಾಕೆ ಹೀಗೆ ಸುತ್ತುತ್ತಿದೆ ಎಂದು ಕೇಳುವ ಒಬ್ಬ ಹುಡುಗ ಸಿಕ್ಕೇ ಸಿಗುತ್ತಾನೆ.

ದೂರದ ಒಂದು ಉದಾಹರಣೆ ಹೇಳಿ ಮತ್ತೆ ನಮ್ಮೂರಿಗೆ ಬರುತ್ತೇನೆ. ಪಿಕಾಸೊ 1937ರಲ್ಲಿ ಬರೆದ ಗೆರ್ನಿಕಾ ಹೆಸರು ಕೇಳಿದ್ದೀರಿ. ಹನ್ನೊಂದೂವರೆ ಅಡಿ ಎತ್ತರ, ಇಪ್ಪತ್ತೈದೂವರೆ ಅಡಿ ಅಗಲ, ಬಾಂಬು ಬಿದ್ದ ಊರಿನ ಚಿತ್ರ. ಅದು ಇಂಗ್ಲೆಂಡಿಗೆ ಪ್ರದರ್ಶನಕ್ಕೆ ಬಂದಾಗ, 1939ರಲ್ಲಿ, ಲಂಡನ್ನಿನ ಕೂಲಿಕಾರರ ಬಡಾವಣೆಯಲ್ಲಿದ್ದ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಪ್ರವೇಶ ಶುಲ್ಕವಾಗಿ ಕೇಳಿದ್ದು ಒಂದು ಜೊತೆ ಬೂಟು. ಸ್ಪೇನಿನಲ್ಲಿ ಹೋರಾಡುತ್ತಿದ್ದವರಿಗೆ ಕಳಿಸಲು. ತಂದ ಬೂಟುಗಳನ್ನು ಚಿತ್ರದ ಕೆಳಗೇ ಸಾಲಾಗಿ ಇಡುತ್ತಿದ್ದರಂತೆ. ಅಲ್ಲಿಂದ ಅದು ಮ್ಯಾಂಚೆಸ್ಟರಿಗೆ ಹೋಗಿ, ಕಾರು ಮಾರುವ ಒಂದು ಮಳಿಗೆಯಲ್ಲಿ ತೂಗಿತು. ಚಿತ್ರ ನೋಡಿ ಮರುಗಿ ಹೋಗುವುದು ಒಂದು, ನೋಡಲು ಬರುವಾಗಲೇ ಕೈಯಲ್ಲಿ ಏನೋ ಹಿಡಿದು ಬರುವುದು ಇನ್ನೊಂದು. ಆ ಪ್ರದರ್ಶನ ಮಾಡಿದವರ ಜಾಣತನ ಪಿಕಾಸೊನ ಜಾಣತನಕ್ಕೆ ಕಡಿಮೆಯದಲ್ಲ ಎಂದು ನನ್ನ ಎಣಿಕೆ.

ಈಗ ಇನ್ನೊಂದು ಚಿತ್ರ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಎಂಬ ಹವಾಮಾನ ವಿಜ್ಞಾನಿ 2018ರಲ್ಲಿ ಒಂದು ಪಟ್ಟೆಪಟ್ಟೆಯ ಚಿತ್ರ ಮಾಡಿದರು. ವರ್ಷಕ್ಕೊಂದು ಉದ್ದನೆಯ ಪಟ್ಟಿ. ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು, ಹೆಚ್ಚು ಬಿಸಿಯಾದಷ್ಟೂ ಕಡುಗೆಂಪು. ಅಂಕಿ ಇಲ್ಲ, ಅಕ್ಷರ ಇಲ್ಲ. ಎಡಗಡೆಯಿಂದ ಬಲಗಡೆಗೆ ನೋಡುತ್ತ ಹೋದರೆ ನೀಲಿ ತೆಳುವಾಗಿ, ಕೆಂಪು ದಟ್ಟವಾಗಿ, ಕೊನೆಯಲ್ಲಿ ಬರೀ ಕೆಂಡ. ಆ ಚಿತ್ರ ಆಮೇಲೆ ಗೋಡೆಗಳ ಮೇಲೆ, ಬಸ್ಸುಗಳ ಮೇಲೆ, ಫುಟ್‌ಬಾಲ್ ಆಟಗಾರರ ಅಂಗಿಯ ಮೇಲೂ ಬಂತು. ಆದರೆ ನಮಗೆ ಬೇಕಾದ ಸುದ್ದಿ ಇದರ ಹಿಂದಿನದು. ಅದೇ ವಿಶ್ವವಿದ್ಯಾಲಯದ ಎಲ್ಲಿ ಹೈವುಡ್ ಎಂಬ ಮಹಿಳಾ ವಿಜ್ಞಾನಿ, ಹಾಕಿನ್ಸ್ ಚಿತ್ರಕ್ಕಿಂತ ಮೊದಲೇ, ವರ್ಷವರ್ಷದ ಬಿಸಿಯ ಲೆಕ್ಕವನ್ನು ಉಣ್ಣೆಯ ಬಣ್ಣಗಳಲ್ಲಿ ಹೆಣೆದು ಒಂದು ಹೊದಿಕೆ ಮಾಡಿದ್ದರು. ಪಟ್ಟಿಗಳ ಯೋಚನೆಗೆ ಪ್ರೇರಣೆ ಸಿಕ್ಕಿದ್ದು ಆ ಹೊದಿಕೆಯಿಂದ.

ಹೊದಿಕೆ ಎಂದಮೇಲೆ ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರ ಕವದಿ ನೆನಪಾಗದೆ ಇರುವುದಿಲ್ಲ. ಹಳೆಯ ಸೀರೆ, ಲಂಗ, ಅಂಗಿಯ ತುಂಡುಗಳನ್ನು ಅಂಚಿನಿಂದ ಹಿಡಿದು ನಡುವಿನ ಕಡೆಗೆ ಕೂಡಿಸುತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಕೂರಿಸಿದ ಹೂವು ಇರಲೇಬೇಕು. ಹೂವಿಲ್ಲದ ಕವದಿ ಅವರ ಲೆಕ್ಕದಲ್ಲಿ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಒಂದು ಸಹಕಾರ ಸಂಘವೂ ಆಯಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕವದಿಗಳ ಪ್ರದರ್ಶನ ನಡೆಯಿತು. ನಮ್ಮ ಜಿಲ್ಲೆಯ ಕಲೆ ನ್ಯೂಯಾರ್ಕಿನ ಗೋಡೆಯನ್ನು ನೋಡಿ ಬಂದಿದೆ, ಕಾರವಾರದಲ್ಲಿ ಅದಕ್ಕೊಂದು ದೊಡ್ಡ ಗೋಡೆ ಕೊಡುವ ಮನಸ್ಸು ಇನ್ನಾದರೂ ನಮಗೆ ಬರಬೇಕು.

ನನ್ನ ಸೂಚನೆ ಇಷ್ಟೇ. ಭಾರತದ ಸರಾಸರಿ ಉಷ್ಣಾಂಶದ ಲೆಕ್ಕ ಹವಾಮಾನ ಇಲಾಖೆಯಲ್ಲಿ 1901ರಿಂದ ಇದೆ. ಆ ಲೆಕ್ಕದಲ್ಲಿ 2024 ಎಲ್ಲಕ್ಕಿಂತ ಬಿಸಿಯಾದ ವರ್ಷ. 1901ರಿಂದ 2024ರವರೆಗೆ ಎಣಿಸಿದರೆ 124 ವರ್ಷ, 124 ಪಟ್ಟಿ. ಇದನ್ನು ಸಿದ್ದಿ ಹೆಂಗಸರ ಕೈಯಲ್ಲಿ ಒಂದು ಮಹಾಕವದಿಯಾಗಿ ಹೊಲಿಸಬಾರದೇಕೆ? ಕೂಲಿ ಕೊಟ್ಟು, ಹೆಸರು ಹಾಕಿ, ಅವರ ಹೂವಿನ ಸಮೇತ. ನೀಲಿ ಯಾವ ಸೀರೆಯಿಂದ, ಕೆಂಪು ಯಾವ ಸೀರೆಯಿಂದ ಎಂದು ಆರಿಸುವಾಗಲೇ ಮಾತು ಹುಟ್ಟುತ್ತದೆ. ನಾನು ಹುಟ್ಟಿದ ವರ್ಷ ಯಾವ ಬಣ್ಣ, ಮಗಳ ಮದುವೆಯ ವರ್ಷ ಯಾವುದು, ಕೆರೆ ಒಣಗಿದ್ದು ಯಾವ ಪಟ್ಟಿಯಲ್ಲಿ? ಮುಗಿದ ಚಿತ್ರದ ಮುಂದೆ ಆಡುವ ಮಾತಿಗಿಂತ ಚಿತ್ರ ಮಾಡುತ್ತ ಆಡುವ ಮಾತು ಬಹಳ ಸಾರಿ ಆಳವಾಗಿರುತ್ತದೆ. ಕವದಿಗೆ ಇನ್ನೊಂದು ಅನುಕೂಲವೂ ಉಂಟು. ಗೋಡೆ ನಿಂತಲ್ಲೇ ನಿಲ್ಲುತ್ತದೆ, ಕವದಿಯನ್ನು ಮಡಿಸಿ ಬಸ್ಸಿನಲ್ಲಿ ಹಾಕಿಕೊಂಡು ಇವತ್ತು ಹಳಿಯಾಳದ ಸಂತೆ, ನಾಳೆ ಉಳವಿಯ ಜಾತ್ರೆ ಎಂದು ಒಯ್ಯಬಹುದು.

ಇನ್ನು ದಾಂಡೇಲಿಗೇ ಒಂದು ದೊಡ್ಡ ಚಿತ್ರ ಬೇಕೆಂದರೆ ಕಾಳಿಗಿಂತ ಬೇರೆ ವಸ್ತು ಯಾಕೆ? ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವವರೆಗೆ ಹೊಳೆಯ ಉದ್ದ 184 ಕಿಲೋಮೀಟರು. ಕಿಲೋಮೀಟರಿಗೆ ಒಂದು ಅಡಿ ಹಿಡಿಯಿರಿ, 184 ಅಡಿ ಉದ್ದದ ಗೋಡೆ. ಈ ಊರಲ್ಲಿ ಅಷ್ಟು ಉದ್ದದ ಕಂಪೌಂಡಿಗೆ ಬರವಿಲ್ಲ. ಆ ಗೋಡೆಯ ಮೇಲೆ ಜೋಯಿಡಾದ ಕುಣಬಿಗಳ ಹಿತ್ತಿಲು ಬರಲಿ, ಅಲ್ಲಿನ ಮುಡ್ಲಿ ಗೆಡ್ಡೆ ಬರಲಿ. ಪೇಟೆಯ ಅಕ್ಕಿ ತಪ್ಪಿದರೂ ಮನೆ ನಡೆಸುವ ಗೆಡ್ಡೆಗೆಣಸುಗಳ ಮೇಳವನ್ನು ಆ ಜನ ಚಳಿಗಾಲದಲ್ಲಿ ನಡೆಸುತ್ತಾರಲ್ಲ, ಹವಾಮಾನದ ಚರ್ಚೆಯಲ್ಲಿ ಅವರಿಗಿಂತ ಬಲ್ಲವರು ಯಾರು? ಅಡಿಕೆ ತೋಟ ಬರಲಿ. ಮಳೆ ಬಿಡುವು ಕೊಡದೆ ಹೊಯ್ದರೆ ಬೋರ್ಡೋ ದ್ರಾವಣ ಹೊಡೆಯಲು ದಿನ ಸಿಗುವುದಿಲ್ಲ, ದಿನ ಸಿಕ್ಕರೆ ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ, ಅಷ್ಟರಲ್ಲಿ ಕೊಳೆರೋಗ ಹತ್ತಿರುತ್ತದೆ. ತಟ್ಟಿಹಳ್ಳದ ಕಡೆ ಹಳಿಯಾಳದ ಬಯಲು ಬರಲಿ, ಭತ್ತದ ಪಕ್ಕದಲ್ಲೇ ನೀರು ಕುಡಿಯುವ ಕಬ್ಬು ಬರಲಿ. ಕಾಗದದ ಕಾರ್ಖಾನೆ ಬರಲಿ. 1955ರಲ್ಲಿ ಸ್ಥಾಪನೆಯಾದ ಆ ಮಿಲ್ಲೇ ಈ ಊರಿಗೆ ಅನ್ನ ಕೊಟ್ಟದ್ದು, ಕಾಡಿನ ಬಿದಿರು ಕರಗಿದ್ದರಲ್ಲೂ ಕಾಗದದ ಪಾಲಿದೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಬಿದಿರಿನ ಅಧ್ಯಯನಕ್ಕೆ ಇಳಿದದ್ದೂ ಅದಕ್ಕೇ. ಎರಡನ್ನೂ ಬರೆಯುವ ಧೈರ್ಯ ಬೇಕು.

ಮತ್ತೆ ಸೂಪಾ. ಹೊಳೆಯ ಚಿತ್ರದಲ್ಲಿ ಎಲ್ಲರೂ ನಿಲ್ಲಬೇಕಾದ ಜಾಗ ಅದು. 101 ಮೀಟರ್ ಎತ್ತರದ ಅಣೆಕಟ್ಟು, ಸುಮಾರು 147 ಟಿಎಂಸಿ ಅಡಿ ನೀರು. ಹಳೆಯ ಸೂಪಾ ಪೇಟೆ, ತಾಲ್ಲೂಕು ಕಚೇರಿ, ಮನೆ, ಗದ್ದೆ ಎಲ್ಲ ಆ ನೀರಿನ ಅಡಿ ಹೋದವು. ತಾಲ್ಲೂಕಿನ ಹೆಸರೇ ಸೂಪಾ ಹೋಗಿ ಜೋಯಿಡಾ ಆಯಿತು. ಜನರನ್ನು ರಾಮನಗರಕ್ಕೆ ಒಯ್ದು ನೆಲೆಗೊಳಿಸಿದರು. ಈಗ ಹವಾಮಾನದ ಭಾಷಣಗಳಲ್ಲಿ ನಾವು ಕೇಳುವುದೇನು? ಕಲ್ಲಿದ್ದಲು ಬೇಡ, ನೀರಿನ ವಿದ್ಯುತ್ತು ಒಳ್ಳೆಯದು, ಅಣುವಿದ್ಯುತ್ತಿಗೆ ಹೊಗೆಯಿಲ್ಲ. ಲೆಕ್ಕದಲ್ಲಿ ಸರಿ. ಕೈಗಾ ಅಣುಸ್ಥಾವರದ ಮೊದಲ ಘಟಕ ಸತತ 962 ದಿನ ನಿಲ್ಲದೆ ಓಡಿ 2018ರಲ್ಲಿ ಜಾಗತಿಕ ದಾಖಲೆಯನ್ನೂ ಮಾಡಿತು. ಆದರೆ ಚಿತ್ರದ ಆ ಅಡಿಯ ಮುಂದೆ ರಾಮನಗರದ ಅಜ್ಜನೊಬ್ಬ ನಿಂತು, ‘ನಮ್ಮ ಊರ ಮುಳುಗಿಸಿ ಮಾಡಿದ ಕರೆಂಟು ಸ್ವಚ್ಛ ಅಂತೀರಲ್ರಿ, ಅದು ಯಾರಿಗೆ ಸ್ವಚ್ಛ?’ ಎಂದು ಕೇಳಿದರೆ? ಪಕ್ಕದಲ್ಲಿದ್ದ ಕಾಲೇಜು ಹುಡುಗಿ, ‘ಅಜ್ಜಾರ, ಅದು ಇರಲಿಲ್ಲ ಅಂದ್ರ ಕಲ್ಲಿದ್ದಲು ಸುಡಬೇಕಿತ್ತಲ್ರಿ, ಆಗ ಮಳಿ ಇನ್ನೂ ಕೆಡತಿತ್ತು’ ಎಂದರೆ? ಇಬ್ಬರೂ ಸರಿ. ಇಂಥ ಕಡೆಯೇ ಚರ್ಚೆಗೆ ಅರ್ಥ. ಕಾಳಿಯ ನೀರನ್ನು ಅಳ್ನಾವರಕ್ಕೆ ಒಯ್ಯುವ ಯೋಜನೆಗೆ ದಾಂಡೇಲಿಯಲ್ಲಿ ಪ್ರತಿಭಟನೆ ನಡೆದದ್ದು, ಹುಬ್ಬಳ್ಳಿ–ಅಂಕೋಲಾ ರೈಲಿಗೆ ಒಂದು ಕಡೆ ಬೇಡಿಕೆ, ಇನ್ನೊಂದು ಕಡೆ ಮರಗಳ ಚಿಂತೆ ಇರುವುದು, ಇವೆಲ್ಲ ಆ ಗೋಡೆಯ ಮೇಲೆ ಬರಬೇಕು. ಕೆಲವು ಅಡಿ ಖಾಲಿಯೂ ಇರಲಿ. ನೋಡಿದವರು ಮುಂದಿನ ವರ್ಷ ಏನು ಬರೆಯಬೇಕೆಂದು ತೀರ್ಮಾನಿಸಲಿ.

ಬಣ್ಣದ ಬಗ್ಗೆ ಒಂದು ಮಾತು. ಪರಿಸರ ಉಳಿಸಿ ಎಂದು ಫ್ಲೆಕ್ಸ್ ಕಟ್ಟುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಫ್ಲೆಕ್ಸನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಗೋಡೆಗೆ ಬಳಿಯುವ ಇವತ್ತಿನ ಎಮಲ್ಷನ್ನಿನಲ್ಲೂ ಪ್ಲಾಸ್ಟಿಕ್ ಇದೆ. ನಮ್ಮ ಜಿಲ್ಲೆಯ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಕಾವಿ ಕಲೆ ಇದೆ. ಚಿಪ್ಪಿನ ಸುಣ್ಣದ ಗಾರೆಯ ಮೇಲೆ ಹುರಮಂಜಿನ ಕೆಂಪು ಪದರ ಕೊಟ್ಟು, ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ ಗೀರಿ ಕೆಂಪನ್ನು ತೆಗೆಯುತ್ತಾರೆ, ಕೆಳಗಿನ ಬಿಳುಪು ಚಿತ್ರವಾಗಿ ಏಳುತ್ತದೆ. ಈ ಕಡೆಯ ಮಳೆಯನ್ನು ನೂರು ವರ್ಷ ತಿಂದೂ ಉಳಿದ ಗೋಡೆಗಳಿವೆ. 184 ಅಡಿಯ ಕಾಳಿಯನ್ನು ಕೆಂಪು ಬಿಳುಪು ಎರಡೇ ಬಣ್ಣದಲ್ಲಿ, ನಮ್ಮದೇ ಮಣ್ಣಿನಲ್ಲಿ ತೆಗೆದರೆ ನೋಡಲೂ ಗಂಭೀರವಾಗಿರುತ್ತದೆ. ಖರ್ಚು ಕೂಲಿಯದು, ಡಬ್ಬಿಯದಲ್ಲ. ಕಾವಿ ಬಲ್ಲ ಕೈಗಳು ಈಗ ಬಹಳ ಕಡಿಮೆ, ಆ ಕೈಗಳಿಂದ ನಾಲ್ಕು ಹುಡುಗರು ಕಲಿತರೆ ಅದೂ ಒಂದು ಲಾಭ.

ಕೊನೆಗೆ ಮತ್ತೆ ಬಾಗಿಲಲ್ಲಿ ಕೂರುವ ಭಿಕ್ಷುವಿನ ವಿಷಯ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯ ಕಾಡಿನಲ್ಲಿ ಅಪ್ಪಿಕೋ ಚಳವಳಿ ಶುರುವಾದಾಗ, ಪಾಂಡುರಂಗ ಹೆಗಡೆ ಮತ್ತು ಅವರ ಸಂಗಡಿಗರು ಮರ ಅಪ್ಪಿಕೊಂಡಷ್ಟಕ್ಕೇ ನಿಲ್ಲಲಿಲ್ಲ. ಊರೂರಿಗೆ ನಡೆದರು, ಸ್ಲೈಡುಗಳನ್ನು ತೋರಿಸಿದರು, ಜನಪದ ಕಲೆಯನ್ನು ಬಳಸಿಕೊಂಡರು. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರಲ್ಲಿ, ಕೈಗಾ ವಿರೋಧವನ್ನೇ ಮುಂದಿಟ್ಟುಕೊಂಡು ನಮ್ಮ ಜಿಲ್ಲೆಯ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಸೋತರೂ ಪರಿಸರ ಚುನಾವಣೆಯ ಭಾಷಣದ ವಿಷಯವಾಯಿತು. ಇದಕ್ಕೆ ವಿರುದ್ಧವಾಗಿ ಪಶ್ಚಿಮ ಘಟ್ಟದ ಕುರಿತ 2011ರ ಗಾಡ್ಗೀಳ್ ಸಮಿತಿಯ ವರದಿಯನ್ನು ನೋಡಿ. ತೀರ್ಮಾನ ಗ್ರಾಮಸಭೆಗಳಿಂದ ಬರಲಿ ಎಂದ ವರದಿ ಅದು. ನೂರಾರು ಪುಟದ ಇಂಗ್ಲಿಷ್ ವರದಿ ಹಳ್ಳಿಗೆ ತಲುಪಿದ್ದು ಮಾತ್ರ, ನಿಮ್ಮನ್ನು ಒಕ್ಕಲೆಬ್ಬಿಸುತ್ತಾರಂತೆ ಎಂಬ ಗಾಳಿಸುದ್ದಿಯಾಗಿ. ಪಕ್ಕದಲ್ಲಿ ನಿಂತು ವಿವರಿಸುವವರು ಇಲ್ಲದಿದ್ದರೆ ಒಳ್ಳೆಯ ವರದಿಗೂ ಆ ಗತಿ, ಒಳ್ಳೆಯ ಚಿತ್ರಕ್ಕೂ ಅದೇ ಗತಿ.

ಆದ್ದರಿಂದ ಪಂಚಾಯಿತಿ ಸದಸ್ಯರಲ್ಲಿ, ನಗರಸಭೆಯವರಲ್ಲಿ, ಗೋಡೆಗೆ ಬಣ್ಣದ ಹಣ ಕೊಡುವ ಕಾರ್ಖಾನೆ ಮತ್ತು ರೆಸಾರ್ಟುಗಳವರಲ್ಲಿ ನನ್ನದೊಂದು ಕೋರಿಕೆ. ಚಿತ್ರದ ಅಂದಾಜುಪಟ್ಟಿಯಲ್ಲಿ ಸಾರವೆಗೆ, ಸುಣ್ಣಕ್ಕೆ, ಕೂಲಿಗೆ ಹಣ ಬರೆಯುವ ಹಾಗೆಯೇ, ಒಂದು ವರ್ಷದ ಮಟ್ಟಿಗೆ ವಾರಕ್ಕೊಂದು ಸಂಜೆ ಆ ಗೋಡೆಯ ಮುಂದೆ ನಿಂತು ಮಾತಾಡುವವರ ಸಂಭಾವನೆಯನ್ನೂ ಬರೆಯಿರಿ. ಅವರು ಕನ್ನಡ ಬಲ್ಲವರಿರಲಿ, ಕೊಂಕಣಿ, ಮರಾಠಿ, ಉರ್ದುವಿನಲ್ಲೂ ಉತ್ತರ ಹೇಳಬಲ್ಲವರಿರಲಿ. ಒಬ್ಬ ಮೇಷ್ಟ್ರು, ಒಬ್ಬ ಕೃಷಿಕ, ಮುಂಡಗೋಡದ ಕ್ಯಾಂಪಿನಿಂದ ಒಬ್ಬ ಲಾಮಾ ಸರದಿಯಲ್ಲಿ ಬರಲಿ. ತಾಪವನ್ನು ಒಂದೂವರೆ ಡಿಗ್ರಿಗೇ ತಡೆದರೂ ಹಿಮಾಲಯದ ಹಿಮನದಿಗಳ ಮೂರನೆಯ ಒಂದು ಪಾಲು ಈ ಶತಮಾನದ ಕೊನೆಗೆ ಉಳಿಯುವುದಿಲ್ಲ ಎಂದು 2019ರಲ್ಲಿ ವಿಜ್ಞಾನಿಗಳು ಹೇಳಿದ್ದಾರೆ. ಆ ಹಿಮದ ನಾಡಿನಿಂದ ಬಂದವರು ನಮ್ಮ ಪಕ್ಕದಲ್ಲೇ ಇದ್ದಾರೆ, ಅವರನ್ನೂ ಕೇಳಬೇಕು. ಗ್ರಾಮಸಭೆ ಹೇಗೂ ಆರು ತಿಂಗಳಿಗೊಮ್ಮೆ ನಡೆಯಲೇಬೇಕು. ಈ ಸಲದ ಸಭೆಯಲ್ಲಿ ಗೋಡೆಯ ವಿಷಯ ಎತ್ತಿರಿ, ಹೇಳುವವರು ಯಾರೆಂಬುದನ್ನು ಮೊದಲು ಗೊತ್ತುಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿರಿ. ಪೇಂಟರನ್ನು ಆಮೇಲೆ ಕರೆಯಬಹುದು.